ಒಂದು ಪೌಂಡ್ ಸಾಲ್ಟ್ ಬ್ರೆಡ್, ಒಂದು ಹೋಳು ಸಿಹಿಗುಂಬಳ: ಹಬ್ಬದ ರಜೆಗೆ ಸ್ಟಫಿಂಗ್ ಮಾಡೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಇದಕ್ಕೆ ಟರ್ಕಿ ಕೋಳಿ ಬೇಡ, ಸೇಜ್ ಸೊಪ್ಪು ಬೇಡ, ಕ್ರ್ಯಾನ್‌ಬೆರಿ ಹುಡುಕ್ಕೊಂಡು ಬೆಂಗಳೂರಿಗೆ ಹೋಗೋದೂ ಬೇಡ. ಒಣಗಿಸಿದ ಬ್ರೆಡ್ಡು, ಬೆಣ್ಣೇಲಿ ಬಾಡಿಸಿದ ಈರುಳ್ಳಿ, ಘಮ್ ಅನ್ನೋ ಒಂದು ಸೊಪ್ಪು, ಎಲ್ಲ ನೆನೆಯೋಕೆ ಬಿಸಿ ಸ್ಟಾಕು (ತರಕಾರಿಯೋ ಮೂಳೆಯೋ ಕುದಿಸಿ ಸೋಸಿದ ನೀರು), ಆಮೇಲೆ ಓವನ್ನು. ಸ್ಟಫಿಂಗ್ ಅಂದ್ರೆ ಇಷ್ಟೇ ಕಣ್ರೀ. ಮಿಕ್ಕಿದ್ದೆಲ್ಲ ಯಾರ ಊರಲ್ಲಿ ಆ ಟೈಮಲ್ಲಿ ಏನು ಸಿಗತ್ತೋ ಅದು, ಮತ್ತೆ ಹಾಸನದಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಸಿಗೋದು ಕಮ್ಮಿಯೇನಲ್ಲ.

ಅಮೆರಿಕದಲ್ಲಿ ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಅಂತ ರಜೆ, ಅವತ್ತು ಮನೆಮಂದಿಯೆಲ್ಲ ಸೇರಿ ಊಟ, ಟೇಬಲ್ ಮಧ್ಯೆ ಇಡೀ ಟರ್ಕಿ, ಅದರ ಪಕ್ಕದಲ್ಲಿ ಇದು. ಕೋಳಿ ಹೊಟ್ಟೆಯೊಳಗೇ ತುಂಬಿ ಬೇಯಿಸೋರು ಈಗಲೂ ಇದ್ದಾರೆ, ಆದ್ರೆ ಹಾಗೆ ಮಾಡಿದ್ರೆ ಹಸಿ ಮಾಂಸದ ರಸ ಬ್ರೆಡ್ಡಿಗೆ ಇಳಿಯತ್ತೆ, ಆ ಬ್ರೆಡ್ಡಿನ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟೋ ತನಕ ತಿನ್ನೋಕೆ ಸೇಫ್ ಅಲ್ಲ, ಅದು ಮುಟ್ಟೋ ಹೊತ್ತಿಗೆ ಎದೆ ಮಾಂಸ ಒಣಗಿ ನಾರು ನಾರಾಗಿರತ್ತೆ. ಅದಕ್ಕೇ ಎಷ್ಟೋ ಮನೇಲಿ ಬೇರೆ ಟ್ರೇಲಿ ಬೇಯಿಸಿ ಸೈಡ್ ಡಿಶ್ ಥರ ಇಡ್ತಾರೆ. ನಮಗಂತೂ ಇದೇ ಅನುಕೂಲ, ಮನೇಲಿ ಅರ್ಧ ಜನ ಮಾಂಸ ಮುಟ್ಟಲ್ಲ, ಮುಟ್ಟೋರೂ ವಾರ ನೋಡಿ ಮುಟ್ಟೋದು.

ನಾನಿದನ್ನ ಮಾಡೋದು ಹಾಸನಾಂಬೆ ಬಾಗಿಲು ತೆಗೆದಿರೋ ಸಮಯದಲ್ಲಿ. ಆಶ್ವಯುಜ ಹುಣ್ಣಿಮೆ ಆದ್ಮೇಲೆ ಬರೋ ಮೊದಲ ಗುರುವಾರ ಬಾಗಿಲು ತೆಗೆದು, ಬಲಿಪಾಡ್ಯಮಿ ಆದ್ಮೇಲೆ ಮುಚ್ತಾರೆ, ಆ ನಡುವೆ ಹಾಸನದಲ್ಲಿ ಯಾರ ಮನೇನೂ ಖಾಲಿ ಇರಲ್ಲ, ದರ್ಶನಕ್ಕೆ ಅಂತ ಬಂದ ನೆಂಟರು ದೀಪಾವಳಿ ಮುಗಿಸ್ಕೊಂಡೇ ಹೋಗೋದು. (ಇಲ್ಲೂ ಗುರುವಾರ, ಅಲ್ಲೂ ಗುರುವಾರ, ಅದೊಂದು ತಮಾಷೆ.) ದಿನಾ ಪುಳಿಯೋಗರೆ, ಒಬ್ಬಟ್ಟು, ಕಜ್ಜಾಯ ತಿಂದು ಸಾಕಾಗಿರೋ ಹೊತ್ತಿಗೆ ಇಂಥದ್ದೊಂದು ಟ್ರೇ ಇಟ್ರೆ ಮಕ್ಕಳಷ್ಟೇ ಅಲ್ಲ ದೊಡ್ಡೋರೂ ಎರಡನೇ ಸಲ ತಟ್ಟೆ ಹಿಡ್ಕೊಂಡು ಬರ್ತಾರೆ. ಇನ್ನೊಂದು ಲಾಭ, ಮುಕ್ಕಾಲು ಪಾಲು ಕೆಲಸ ಹಿಂದಿನ ದಿನವೇ ಮುಗಿಸಿಡಬಹುದು, ಕ್ಯೂನಲ್ಲಿ ನಿಂತು ಸುಸ್ತಾಗಿ ಬಂದ್ಮೇಲೆ ಕಲಸಿ ಓವನ್‌ಗೆ ತಳ್ಳೋದಷ್ಟೇ. ಕ್ರಿಸ್‌ಮಸ್ ರಜೆಗೆ ಮಾಡೋದಾದ್ರೂ ಇದೇ ವಿಧಾನ, ಏನೂ ಬದಲಾಗಲ್ಲ.

ಈಗ ಬ್ರೆಡ್ಡಿಗೆ ಬನ್ನಿ, ಎಲ್ಲಾ ನಿಂತಿರೋದು ಇದರ ಮೇಲೆ. ಅಯ್ಯಂಗಾರ್ ಬೇಕರಿಗೆ ಹೋಗಿ ಒಂದು ಪೌಂಡ್ ಸಾಲ್ಟ್ ಬ್ರೆಡ್ ಕೇಳಿ, ಸ್ವೀಟ್ ಬ್ರೆಡ್ ಅಲ್ಲ, ಮತ್ತೆ ಮೊದ್ಲೇ ಹೇಳಿ ಕಟ್ ಮಾಡ್ಬೇಡಿ ಅಂತ, ಇಲ್ಲಾಂದ್ರೆ ಅಭ್ಯಾಸಬಲ, ಮಿಷಿನ್‌ಗೆ ಕೊಟ್ಟು ತೆಳ್ಳಗೆ ಸ್ಲೈಸ್ ಮಾಡಿ ಕವರ್‌ಗೆ ಹಾಕ್ಬಿಡ್ತಾರೆ. ನಮಗೆ ಬೇಕಾಗಿರೋದು ಇಡೀ ಬ್ರೆಡ್ಡು, ಎರಡು ಸೆಂಟಿಮೀಟರ್ ಚೌಕ ಚೌಕ ನಾವೇ ಕತ್ತರಿಸ್ಬೇಕು. ಅಂಗಡೀಲಿ ಸಿಗೋ ಮಿಲ್ಕ್ ಬ್ರೆಡ್ ಪ್ಯಾಕೆಟ್ಟಿನಲ್ಲಿ ಸಕ್ಕರೆ ಜಾಸ್ತಿ, ಸಿಹಿಗುಂಬಳದ ಸಿಹಿ ಜೊತೆ ಅದೂ ಸೇರಿದ್ರೆ ಊಟದ ಮಧ್ಯೆ ಕೇಕ್ ತಿಂದಂಗಿರತ್ತೆ. ಬೇಕರಿ ಬ್ರೆಡ್ಡಿನಲ್ಲಿ ಇನ್ನೊಂದು ಒಳ್ಳೇದು, ಅಲ್ಲಿ ಮೊಟ್ಟೆ ಹಾಕಲ್ಲ, ಹಾಗಾಗಿ ಮಡಿ-ಗಿಡಿ ಅನ್ನೋ ಹಿರಿಯರಿಗೂ ಬಡಿಸಬಹುದು. ಅಂದ್ಹಾಗೆ ಈ ಅಯ್ಯಂಗಾರ್ ಬೇಕರಿಗಳ ಬೇರು ನಮ್ಮ ಜಿಲ್ಲೆಯದ್ದೇ. 1898ರಲ್ಲಿ ಬೆಂಗಳೂರಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ಎಚ್.ಎಸ್. ತಿರುಮಲಾಚಾರ್ ಹಾಸನ ಕಡೆಯವರು, ಆಮೇಲೆ ಒಬ್ಬರ ಹಿಂದೆ ಒಬ್ಬರು ಇಲ್ಲಿನ ಹಳ್ಳಿಗಳಿಂದ ಹೋಗಿ ಊರೂರಲ್ಲಿ ಬೇಕರಿ ಹಾಕಿದ್ರು. ಅಮೆರಿಕದ ತಿಂಡಿಗೆ ನಮ್ಮೂರ ಬ್ರೆಡ್ಡು ಅಂತ ಸಂಕೋಚ ಪಟ್ಕೋಬೇಕಾಗಿಲ್ಲ.

ರಸ್ಕ್ ಹಾಕಿದ್ರೆ ಆಗಲ್ವಾ, ಅದೂ ಒಣಗಿದ ಬ್ರೆಡ್ಡೇ ತಾನೇ ಅಂತ ಕೇಳ್ತಾರೆ. ಆಗಲ್ಲ. ರಸ್ಕು ಸಿಹಿ, ಸ್ಟಾಕ್ ಬಿದ್ದ ತಕ್ಷಣ ಕರಗಿ ಗಂಜಿ ಆಗತ್ತೆ.

ಒಣಗಿಸೋ ವಿಷಯದಲ್ಲಿ ಮಾತ್ರ ಹೊರಗಿನ ರೆಸಿಪಿ ನಂಬ್ಬೇಡಿ. ಬ್ರೆಡ್ ತುಂಡು ಮಾಡಿ ರಾತ್ರಿಯೆಲ್ಲ ಹೊರಗಿಡಿ, ಬೆಳಗ್ಗೆ ಒಣಗಿರತ್ತೆ ಅಂತ ಬರೆದಿರ್ತಾರೆ. ಅವರ ಮನೇಲಿ ಹೀಟರ್ ಹಾಕಿರ್ತಾರೆ, ಗಾಳಿ ಒಣಗಿರತ್ತೆ. ನಮ್ಮಲ್ಲಿ ಅಕ್ಟೋಬರ್-ನವೆಂಬರ್ ಅಂದ್ರೆ ಸಂಜೆ ಮೋಡ, ರಾತ್ರಿ ಇಬ್ಬನಿ, ಹಿಂಗಾರು ಮಳೆ ಬೇರೆ, ಸಕಲೇಶಪುರ ಮೂಡಿಗೆರೆ ಕಡೆಯಂತೂ ಹಪ್ಪಳವೇ ಮೆತ್ತಗಾಗತ್ತೆ, ಅಂಥಾದ್ರಲ್ಲಿ ಬ್ರೆಡ್ ಹೊರಗಿಟ್ರೆ ಒಣಗೋದಿರ್ಲಿ, ಎರಡು ದಿನಕ್ಕೆ ಬೂಸ್ಟು ಹಿಡಿಯತ್ತೆ. ಜೊತೆಗೆ ಹಳೇದಾಗೋದು ಬೇರೆ, ಒಣಗೋದು ಬೇರೆ. ನಿನ್ನೆಯ ಬ್ರೆಡ್ಡು ಗಟ್ಟಿಯಾಗಿ ಕಾಣತ್ತಲ್ಲ, ಅದರೊಳಗಿನ ನೀರು ಪೂರ್ತಿ ಹೋಗಿಲ್ಲ, ಪಿಷ್ಟ ಮತ್ತೆ ಬಿಗಿಯಾಗಿರತ್ತೆ ಅಷ್ಟೇ, ಬಿಸಿ ಮಾಡಿದ್ರೆ ತಿರುಗ ಮೆತ್ತಗಾಗತ್ತೆ. ನಮಗೆ ಬೇಕಾಗಿರೋದು ನೀರು ಹೊರಗೆ ಹೋಗಿರೋ ಬ್ರೆಡ್ಡು, ಆಗಲೇ ಅದು ಸ್ಟಾಕನ್ನ ಒಳಗೆಳ್ಕೊಳ್ಳೋದು. ಓವನ್ 120 ಡಿಗ್ರಿಗೆ ಇಟ್ಟು ತುಂಡುಗಳನ್ನ ಒಂದರ ಮೇಲೊಂದು ಬೀಳದ ಹಾಗೆ ಹರಡಿ, ನಲವತ್ತೈದು ನಿಮಿಷ, ಮಧ್ಯೆ ಒಂದು ಸಲ ಕೈಯಾಡಿಸಿ. ಬಣ್ಣ ಬರಬಾರದು, ಬಂದ್ರೂ ಚೂರು ಹೊಂಬಣ್ಣ. ಒಂದು ತುಂಡು ಮುರಿದ್ರೆ ನಡುವೆಯೂ ಚಟ್ ಅನ್ಬೇಕು. ತಕ್ಕಡಿ ಇದ್ರೆ ತೂಗಿ ನೋಡಿ, 450 ಗ್ರಾಂ ಇದ್ದಿದ್ದು 340ರ ಹತ್ತಿರಕ್ಕೆ ಇಳಿದಿದ್ರೆ ಸರಿ. ಓವನ್ ಇಲ್ಲದೋರು ದೊಡ್ಡ ಕಾವಲೀಲಿ ಸಣ್ಣ ಉರಿ ಇಟ್ಟು ಎರಡು ಮೂರು ಕಂತಲ್ಲಿ ಹುರೀರಿ, ಬಿಸಿಲು ಚೆನ್ನಾಗಿದ್ರೆ ಮಾಳಿಗೆ ಮೇಲೆ ಮೊರದಲ್ಲೂ ಒಣಗಿಸ್ಬಹುದು, ಮೇಲೆ ತೆಳು ಬಟ್ಟೆ ಕಟ್ಟಿ, ಕಾಗೆಗಳಿಗೆ ಬ್ರೆಡ್ ಅಂದ್ರೆ ಪಂಚಪ್ರಾಣ. ಆರಿದ ಮೇಲೆ ಡಬ್ಬಕ್ಕೆ ಹಾಕಿ ಗಾಳಿಯಾಡದ ಹಾಗೆ ಮುಚ್ಚಿಟ್ರೆ ಒಂದು ವಾರ ಏನೂ ಆಗಲ್ಲ.

ತುಂಡಿನ ಸೈಜು ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಅಮೆರಿಕದಲ್ಲಿ ಐದು ನಿಮಿಷದಲ್ಲಿ ಒಲೆ ಮೇಲೆ ಮಾಡೋ ಸ್ಟಫಿಂಗ್ ಪ್ಯಾಕೆಟ್ ಬಂದಿದ್ದು 1972ರಲ್ಲಿ, ಸ್ಟೋವ್ ಟಾಪ್ ಅಂತ, ಅದನ್ನ ಮಾಡಿದೋರಲ್ಲಿ ಮುಖ್ಯರಾದ ರುತ್ ಸೀಮ್ಸ್ ಅನ್ನೋ ಹೆಂಗಸು ಕಂಡ್ಕೊಂಡಿದ್ದು ಇದೇ ಗುಟ್ಟು, ಒಣ ಬ್ರೆಡ್ಡಿನ ಚೂರು ಎಷ್ಟು ದಪ್ಪ ಇರ್ಬೇಕು, ಒಳಗೆ ತೂತು ಹೇಗಿರ್ಬೇಕು ಅನ್ನೋದು. ಪುಡಿಪುಡಿ ಆದ್ರೆ ಗಂಜಿ, ತೀರಾ ದಪ್ಪ ಆದ್ರೆ ನಡುವೆ ಒಣಗಿದ್ದೇ ಉಳಿಯತ್ತೆ. ಪೇಟೆಂಟೇ ತಗೊಂಡ್ರು ಅದಕ್ಕೆ.

ತರಕಾರಿ. ಶರದೃತು ಸ್ಟಫಿಂಗ್ ಅಂದ್ರೆ ಅವರಲ್ಲಿ ಕುಂಬಳ, ಸೇಬು, ಚೆಸ್ಟ್‌ನಟ್ ಪೆಕಾನ್ ಥರದ ಬೀಜಗಳು, ಇಂಥವು. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಆಯುಧಪೂಜೆಗೆ ಬೂದಗುಂಬಳ ರಾಶಿ ಬೀಳೋ ಹೊತ್ತಲ್ಲೇ ಪಕ್ಕದಲ್ಲಿ ಸಿಹಿಗುಂಬಳವೂ ಇರತ್ತೆ, ಮಲೆನಾಡಿನ ಕಡೆಯವರು ಚೀನಿಕಾಯಿ ಅಂತಾರಲ್ಲ ಅದೇ. ಅದು ಮೂಲದಲ್ಲಿ ಅಮೆರಿಕ ಖಂಡದಿಂದಲೇ ಬಂದಿದ್ದು, ಅದಕ್ಕೇ ಬೇರೆ ಯಾವ ಬದಲಿಗಿಂತ ಇದು ಸರಿಯಾಗಿ ಕೂರತ್ತೆ. ಒಳಗೆ ಕಡು ಕೇಸರಿ ಬಣ್ಣ ಇರೋ, ಒತ್ತಿದ್ರೆ ಗಟ್ಟಿ ಇರೋ ಹೋಳು ತಗೊಳ್ಳಿ, ಸಿಪ್ಪೆ ಬೀಜ ತೆಗೆದ ಮೇಲೆ 300 ಗ್ರಾಂ ಇರ್ಬೇಕು. ದಯವಿಟ್ಟು ಬೇಯಿಸ್ಬೇಡಿ! ಬೇಯಿಸಿದ್ರೆ ನೀರು ಕುಡಿದು ಮುದ್ದೆಯಾಗಿ ಬ್ರೆಡ್ಡಿಗೆಲ್ಲ ಮೆತ್ಕೊಳ್ಳತ್ತೆ. ಬ್ರೆಡ್ ಸೈಜಿಗೇ ಹೆಚ್ಚಿ, ಒಂದು ಚಮಚ ಎಣ್ಣೆ, ಉಪ್ಪು, ಕುಟ್ಟಿದ ಕಾಳುಮೆಣಸು ಸವರಿ 200 ಡಿಗ್ರೀಲಿ ಇಪ್ಪತ್ತು ನಿಮಿಷ ಹುರಿದ್ರೆ ಅಂಚು ಕೆಂಪಾಗತ್ತೆ, ಸಿಹಿ ಗಟ್ಟಿಯಾಗತ್ತೆ, ಚೂರು ಗಟ್ಟಿ ಇದ್ದಾಗಲೇ ಇಳಿಸಿ, ಮುಂದೆ ಇನ್ನೂ ಬೇಯೋದಿದೆ. ಕಾವಲೀಲಾದ್ರೆ ಮುಚ್ಚಳ ಮುಚ್ದೆ, ಕಮ್ಮಿ ಕೈಯಾಡಿಸಿ ಹುರೀರಿ.

ಅವರು ಹಾಕೋ ಸೆಲರಿ ದಂಟು ಸೂಪರ್ ಮಾರ್ಕೆಟ್ಟಲ್ಲಿ ಯಾವಾಗಲೋ ಒಮ್ಮೆ ಸಿಗತ್ತೆ, ಬಾಡಿರತ್ತೆ, ರೇಟು ನೋಡಿದ್ರೆ ವಾಪಸ್ ಇಡೋ ಹಂಗಿರತ್ತೆ. ಅದರ ಕೆಲಸ ಏನು, ಬೆಂದ ಮೇಲೂ ಹಲ್ಲಿಗೆ ಸಿಗೋ ಒಂದು ಕರುಮ್, ಮತ್ತೆ ಒಂದು ತಣ್ಣನೆ ರುಚಿ. ಆ ಕರುಮ್ಮಿಗೆ ಸೀಮೆಬದನೆಕಾಯಿ ಹಾಕಿ, ಒಂದು ಮಧ್ಯಮ ಗಾತ್ರದ್ದು, ಸಣ್ಣಗೆ ಹೆಚ್ಚಿ. ರುಚಿಗೆ ಕೊತ್ತಂಬರಿ ಸೊಪ್ಪಿನ ದಂಟು, ಎಲೆ ಅಲ್ಲ, ದಂಟನ್ನ ಸಣ್ಣಗೆ ಕೊಚ್ಚಿ ಒಂದು ಹಿಡಿ.

ಈಗ ಸೇಜ್. ಸ್ಟಫಿಂಗಿನ ವಾಸನೆ ಅಂದ್ರೆ ಸೇಜ್ ಅಂತಲೇ ಅವರ ಲೆಕ್ಕ, ಮತ್ತೆ ಅದಕ್ಕೆ ನಮ್ಮ ಹಿತ್ತಲಲ್ಲಿ ಪುಕ್ಕಟೆ ಬೆಳೆದಿರೋ ಉತ್ತರ ದೊಡ್ಡಪತ್ರೆ. ಹೌದು, ಮಕ್ಕಳ ಶೀತಕ್ಕೆ ಕಾಯಿಸಿ ರಸ ಹಿಂಡ್ತೀವಲ್ಲ, ತಂಬುಳಿ ಮಾಡ್ತೀವಲ್ಲ, ಅದೇ. ಸೇಜೂ ದೊಡ್ಡಪತ್ರೆಯೂ ತುಳಸಿ ಪುದೀನದ ಕುಟುಂಬದವೇ, ಎರಡಕ್ಕೂ ಆ ನವಿರು ಕೂದಲಿನ ದಪ್ಪ ಎಲೆ, ಮೂಗಿಗೆ ಹೊಡೆಯೋ ಖಾರದ ಘಮ. ಆದ್ರೆ ನಮ್ಮದು ಜೋರು. ಎಂಟರಿಂದ ಹತ್ತು ಎಲೆ ಸಾಕು, ಸಣ್ಣಗೆ ಹೆಚ್ಚಿ ಬೆಣ್ಣೇಲೇ ಹುರೀಬೇಕು, ಹಸಿಯಾಗಿ ಹಾಕಿದ್ರೆ ಕಷಾಯದ ವಾಸನೆ ಬಂದು ಎಲ್ಲರೂ ಯಾರಿಗೆ ನೆಗಡಿ ಅಂತ ಕೇಳ್ತಾರೆ. ಎಲೇಲಿ ನೀರು ಜಾಸ್ತಿ, ಅದು ಆರಿ ಅಂಚು ಗರಿಗರಿ ಆಗೋ ತನಕ ಬಿಡಿ, ಆಗ ಘಾಟು ಇಳಿದು ಮೆತ್ತನೆ ಪರಿಮಳ ಉಳಿಯತ್ತೆ. ಪುದೀನ ಹಾಕೋಕೆ ಹೋಗ್ಬೇಡಿ, ಪಲಾವ್ ನೆನಪಾಗತ್ತೆ.

ಚೆಸ್ಟ್‌ನಟ್ ಜಾಗಕ್ಕೆ ಹಲಸಿನ ಬೀಜ. ಇದನ್ನ ಮಾತ್ರ ನಾನು ಬದಲಿ ಅಂತ ಒಪ್ಪಲ್ಲ, ಅದಕ್ಕಿಂತ ಚೆನ್ನಾಗಿರತ್ತೆ ಅಂತಲೇ ವಾದ ಮಾಡೋದು. ಅದೇ ಹಿಟ್ಟುಹಿಟ್ಟು, ಅದೇ ಸಣ್ಣ ಸಿಹಿ. ಮಲೆನಾಡಿನ ಮನೆಗಳಲ್ಲಿ ಬೇಸಗೆಯ ಬೀಜಕ್ಕೆ ಕೆಮ್ಮಣ್ಣು ಬಳಿದು ಒಣಗಿಸಿ ಮಳೆಗಾಲಕ್ಕೆ ಅಂತ ಎತ್ತಿಡ್ತಾರೆ, ದೀಪಾವಳಿ ತನಕ ಒಂದಿಷ್ಟು ಉಳಿದಿರತ್ತೆ, ಅಂಥ ಮನೆ ಗೊತ್ತಿದ್ರೆ ಅಜ್ಜಿಯನ್ನ ಒಲಿಸ್ಕೊಳ್ಳಿ. ಇಪ್ಪತ್ತು ಬೀಜ ಸಾಕು, ಉಪ್ಪು ಹಾಕಿ ಕುಕ್ಕರಲ್ಲಿ ಮೂರು ಕೂಗು, ಮೇಲಿನ ಬಿಳಿ ಸಿಪ್ಪೆ ತೆಗೆದು ನಾಲ್ಕು ನಾಲ್ಕು ತುಂಡು. ಕಂದು ಪೊರೆ ಉಳಿದ್ರೆ ಉಳೀಲಿ. ಬೀಜ ಸಿಗಲಿಲ್ವಾ, ಒಂದು ಹಿಡಿ ಅಕ್ರೋಟ್ ಅಥವಾ ಗೋಡಂಬಿ ಹುರಿದು ಹಾಕಿ, ಕಡ್ಲೆಕಾಯಿ ಬೀಜ ಮಾತ್ರ ಬೇಡ, ಚಿತ್ರಾನ್ನದ ಕಡೆ ಎಳೆಯತ್ತೆ.

ಹುಳಿಸಿಹಿಗೆ ಒಂದು ಸೇಬು, ಹುಳಿ ಇರೋ ಹಸಿರು ಸೇಬಾದ್ರೆ ಒಳ್ಳೇದು, ಮತ್ತೆ ಎರಡು ದೊಡ್ಡ ಚಮಚ ಒಣದ್ರಾಕ್ಷಿ, ಅದನ್ನ ಒಂದು ಕಿತ್ತಳೆಯ ರಸದಲ್ಲಿ ಅರ್ಧ ಗಂಟೆ ನೆನೆಸಿ, ಕ್ರ್ಯಾನ್‌ಬೆರಿ ಇಲ್ಲ ಅಂತ ಯಾರಿಗೂ ಅನ್ಸಲ್ಲ. ಬೇಕರೀಲಿ ಕೇಕ್ ಮೇಲಿಡೋ ಕೆಂಪು ಚೆರ್ರಿ ನೋಡಿ ಆಸೆ ಪಡ್ಬೇಡಿ, ಅದು ಹೆಚ್ಚಿನ ಪಾಲು ಕವಳೆಕಾಯಿಯನ್ನ ಸಕ್ಕರೆ ಪಾಕದಲ್ಲಿ ಮುಳುಗಿಸಿ ಬಣ್ಣ ಹಾಕಿದ್ದು, ಹುಳಿಯೆಲ್ಲ ಹೋಗಿರತ್ತೆ.

ಸ್ಟಾಕಿಗೆ ಕ್ಯೂಬು ಗೀಬು ಬೇಕಿಲ್ಲ. ಒಂದು ಈರುಳ್ಳಿ ಸಿಪ್ಪೆ ಸಮೇತ ನಾಲ್ಕು ಹೋಳು, ಒಂದು ಕ್ಯಾರೆಟ್, ಸಿಹಿಗುಂಬಳದ ತಿರುಳಿನ ನಾರು, ಕೊತ್ತಂಬರಿ ಬೇರು ತೊಳೆದು, ಹತ್ತು ಕಾಳುಮೆಣಸು, ಅಣಬೆ ತಂದಿದ್ರೆ ಅದರ ಕಾಂಡ, ಎಲ್ಲಾ ಒಂದು ಲೀಟರ್ ನೀರಲ್ಲಿ ಮುಕ್ಕಾಲು ಗಂಟೆ ಕುದಿಸಿ ಸೋಸಿದ್ರೆ 650 ಮಿಲಿ ಹತ್ತಿರ ಉಳಿಯತ್ತೆ. ಉಪ್ಪು ಈಗಲೇ ಹಾಕ್ಬೇಡಿ. ಮಾಂಸ ತಿನ್ನೋರ ಮನೇಲಿ ಕೋಳಿ ಮೂಳೆ ಕುದಿಸಿದ ನೀರು ಇನ್ನೂ ರುಚಿ, ಹೇಳ್ಬೇಕಾಗಿಲ್ಲ.

ಇನ್ನು ಒಲೆ ಮುಂದಿನ ಕೆಲಸ. ದಪ್ಪ ತಳದ ಬಾಣಲೇಲಿ 100 ಗ್ರಾಂ ಬೆಣ್ಣೆ, ಓದಿ ಗಾಬರಿ ಆಗ್ಬೇಡಿ, ಎಂಟು ಜನಕ್ಕೆ ಹಂಚಿ ಹೋಗತ್ತೆ. ಮನೆ ಬೆಣ್ಣೆ ಆದ್ರೆ ಉಪ್ಪು ಇರಲ್ಲ, ಪ್ಯಾಕೆಟ್ ಟೇಬಲ್ ಬಟರ್ ಆದ್ರೆ ಉಪ್ಪು ಇರತ್ತೆ, ನೆನಪಿಟ್ಕೊಳ್ಳಿ. ಎರಡು ದೊಡ್ಡ ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿ ಹತ್ತು ನಿಮಿಷ ಸಣ್ಣ ಉರೀಲಿ, ಕೆಂಪಾಗೋದು ಬೇಡ, ಗಾಜಿನ ಥರ ಮೆತ್ತಗಾದ್ರೆ ಸಾಕು. ಸೀಮೆಬದನೆ, ಕೊತ್ತಂಬರಿ ದಂಟು, ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಇನ್ನೈದು ನಿಮಿಷ, ಆಮೇಲೆ ಬಾಣಲೆ ಪಕ್ಕಕ್ಕೆ ಎಲ್ಲಾ ಸರಿಸಿ ಖಾಲಿ ಜಾಗದ ಬೆಣ್ಣೇಲಿ ದೊಡ್ಡಪತ್ರೆ. ಇಷ್ಟೊತ್ತಿಗೆ ಅಡುಗೆಮನೆಗೆ ಜನ ಬರೋಕೆ ಶುರು ಮಾಡ್ತಾರೆ. ಕುಟ್ಟಿದ ಕಾಳುಮೆಣಸು ಒಂದು ಟೀ ಚಮಚ ತುಂಬ, ಹದವಾಗಿ ತರಿತರಿ ಇರ್ಲಿ, ಪುಡಿ ಡಬ್ಬದ್ದಲ್ಲ, ಕಾಫಿ ತೋಟದ ಮರಕ್ಕೆ ಹಬ್ಬಿದ ಮೆಣಸು ಕೈಗೆಟಕೋ ಜಿಲ್ಲೇಲಿ ಇದ್ಕೊಂಡು ಡಬ್ಬದ ಪುಡಿ ಯಾಕೆ? ಸೇಬು ಕೊನೇಲಿ, ಎರಡೇ ನಿಮಿಷ.

ನಮ್ಮತ್ತೆ ಮೊದಲನೇ ಸಲ ಬಾಣಲೆ ಇಣುಕಿ ನೋಡಿ, "ಏನಮ್ಮ ಇದು, ಬ್ರೆಡ್ ಉಪ್ಪಿಟ್ಟಾ?" ಅಂದ್ರು. "ಅಲ್ಲ ಅತ್ತೆ, ಇದು ಓವನ್‌ಗೆ ಹೋಗೋದು" ಅಂದೆ. "ಹಾಗಾದ್ರೆ ಸಾಸಿವೆ ಹಾಕ್ಲಿಲ್ವಲ್ಲ, ಒಂದೆರಡು ಹಸಿಮೆಣಸಿನಕಾಯಿ ಸೀಳಿ ಹಾಕು" ಅಂತ ಅವರು. ಅತ್ತೆ ಮಾತು ಮೀರಬಾರದು, ಆದ್ರೆ ಇಲ್ಲಿ ಮೀರ್ಬೇಕು. ಸಾಸಿವೆ ಅರಿಶಿನ ಕರಿಬೇವು ಬಿದ್ದ ಕ್ಷಣ ಅದು ನಿಜಕ್ಕೂ ಬ್ರೆಡ್ ಉಪ್ಪಿಟ್ಟೇ ಆಗತ್ತೆ, ಅದೂ ಒಳ್ಳೇ ತಿಂಡಿ, ಆದ್ರೆ ಅದಕ್ಕೆ ಇಷ್ಟೆಲ್ಲ ಸರ್ಕಸ್ ಬೇಡ. ಗರಂ ಮಸಾಲಾನೂ ಅಷ್ಟೇ. ಖಾರಕ್ಕೆ ಕಾಳುಮೆಣಸೊಂದೇ, ಬೇಕಾದ್ರೆ ಒಂದು ಚಿಟಿಕೆ ಜಾಯಿಕಾಯಿ ತೇದು ಹಾಕಿ, ಸಿಹಿಗುಂಬಳಕ್ಕೆ ಚೆನ್ನಾಗಿ ಹೊಂದತ್ತೆ.

ಕಲಸೋದು ಇದೆಯಲ್ಲ, ಇಲ್ಲೇ ಗೆಲ್ಲೋದು ಸೋಲೋದು. ಅಗಲ ಪಾತ್ರೇಲಿ ಒಣ ಬ್ರೆಡ್, ಬಾಣಲೆಯದ್ದೆಲ್ಲ ಬೆಣ್ಣೆ ಸಮೇತ, ಸಿಹಿಗುಂಬಳ, ಹಲಸಿನ ಬೀಜ, ದ್ರಾಕ್ಷಿ ಅದರ ರಸದ ಜೊತೆ. ಸ್ಟಾಕು ಬಿಸಿ ಇರ್ಲಿ, ಆದ್ರೆ ಒಂದೇ ಸಲ ಸುರೀಬೇಡಿ. ಮೂರು ಪಾಲು ಮಾಡ್ಕೊಳ್ಳಿ, ಒಂದು ಪಾಲು ಹಾಕಿ ಎರಡು ಚಪ್ಪಟೆ ಸೌಟಲ್ಲಿ ಕೆಳಗಿಂದ ಮೇಲಕ್ಕೆ ಎತ್ತಿ ಹೊರಳಿಸಿ, ಕಿವುಚಬೇಡಿ, ಐದು ನಿಮಿಷ ಬಿಡಿ. ಬ್ರೆಡ್ ಕುಡಿಯೋಕೆ ಟೈಮ್ ತಗೊಳ್ಳತ್ತೆ, ಮೊದಲ ನಿಮಿಷ ಒಣಗಿದಂಗೆ ಕಂಡು ಇನ್ನಷ್ಟು ಸುರಿದ್ರೆ ಆಮೇಲೆ ತಳದಲ್ಲಿ ಕೆರೆ. ಎರಡನೇ ಪಾಲು, ಮತ್ತೆ ಐದು ನಿಮಿಷ. ಮೂರನೇದನ್ನ ನೋಡ್ಕೊಂಡು. ಒಟ್ಟು 500 ಮಿಲಿಗೆ ಸಾಮಾನ್ಯವಾಗಿ ಹದ ಬರತ್ತೆ, ಬ್ರೆಡ್ ಜಾಸ್ತಿ ಒಣಗಿದ್ರೆ 600 ತನಕ ಹೋಗಬಹುದು. ಹದ ಗೊತ್ತಾಗೋದು ಹೀಗೆ: ಒಂದು ಹಿಡಿ ತಗೊಂಡು ಮೆಲ್ಲಗೆ ಮುಷ್ಟಿ ಕಟ್ಟಿ, ಉಂಡೆ ನಿಲ್ಲಬೇಕು, ಬೆರಳ ಸಂದೀಲಿ ನೀರು ಒಸರಬಾರದು, ಮುಷ್ಟಿ ಬಿಟ್ರೆ ಚೌಕಗಳು ಚೌಕಗಳಾಗೇ ಕಾಣ್ಬೇಕು. ಪಾತ್ರೆ ಬಗ್ಗಿಸಿದ್ರೆ ತಳದಲ್ಲಿ ನೀರು ಹರೀಬಾರದು. ಹರಿದ್ರೆ ಗಾಬರಿ ಇಲ್ಲ, ನಾಲ್ಕು ಸ್ಲೈಸ್ ಟೋಸ್ಟ್ ಮಾಡಿ ತುಂಡರಿಸಿ ಸೇರಿಸಿ.

ಈಗ ರುಚಿ ನೋಡಿ ಉಪ್ಪು ಹಾಕಿ. ಬ್ರೆಡ್ಡಲ್ಲಿ ಉಪ್ಪಿದೆ, ಬೆಣ್ಣೇಲಿ ಇರಬಹುದು, ಕುಂಬಳಕ್ಕೂ ಬೀಜಕ್ಕೂ ಹಾಕಿದೀವಿ, ಅದಕ್ಕೇ ಇಲ್ಲೀತನಕ ಕಾದಿದ್ದು. ಮೊಟ್ಟೆ ಹಾಕೋರು ಎರಡು ಮೊಟ್ಟೆ ಚೆನ್ನಾಗಿ ಕಡೆದು, ಮಿಶ್ರಣ ಉಗುರುಬೆಚ್ಚಗಾದ ಮೇಲೆ ಸೇರಿಸಿ, ಬಿಸೀಲಿ ಹಾಕಿದ್ರೆ ಅಲ್ಲೇ ಬುರ್ಜಿ. ಮೊಟ್ಟೆ ಹಾಕಿದ್ರೆ ಕತ್ತರಿಸಿ ತೆಗೆಯೋ ಹಾಗೆ ಗಟ್ಟಿ ಕೂರತ್ತೆ. ಬೇಡದೋರು ಎರಡು ದೊಡ್ಡ ಚಮಚ ಹುರಿಗಡಲೆ ಪುಡೀನ ಕೊನೇ ಪಾಲಿನ ಸ್ಟಾಕಲ್ಲಿ ಗಂಟಿಲ್ಲದ ಹಾಗೆ ಕದಡಿ ಹಾಕಿ, ಕಟ್ಲೆಟ್‌ಗೆ ಹಾಕ್ತೀವಲ್ಲ ಅದೇ ಉಪಾಯ, ಹಿಡಿತ ಬರತ್ತೆ.

ಟ್ರೇಗೆ ಬೆಣ್ಣೆ ಸವರಿ ಎರಡು ಇಂಚಿಗಿಂತ ದಪ್ಪ ಬರದ ಹಾಗೆ ಹರಡಿ, ಮೇಲೆ ಒತ್ತಿ ಮಟ್ಟ ಮಾಡ್ಬೇಡಿ, ಎದ್ದ ಮೂಲೆಗಳೇ ಗರಿಗರಿ ಆಗೋದು. ಚಿಕ್ಕ ಓಟಿಜಿ (ಮೇಜಿನ ಮೇಲಿಡೋ ಕರೆಂಟ್ ಓವನ್) ಆದ್ರೆ ಎರಡು ಕೇಕ್ ಟಿನ್ನಲ್ಲಿ ಹಂಚಿ ಒಂದಾದ ಮೇಲೊಂದು ಇಡಿ. 180 ಡಿಗ್ರಿಗೆ ಮೊದ್ಲೇ ಕಾಯಿಸಿದ ಓವನ್, ಫಾಯಿಲ್ ಮುಚ್ಚಿ ಇಪ್ಪತ್ತೈದು ನಿಮಿಷ, ಆಮೇಲೆ ಫಾಯಿಲ್ ತೆಗೆದು ಮೇಲೊಂದಿಷ್ಟು ಬೆಣ್ಣೆ ಚೂರು ಉದುರಿಸಿ ಇನ್ನಿಪ್ಪತ್ತು ನಿಮಿಷ. ಫಾಯಿಲ್ ಮುಚ್ಚೋದು ಒಳಗೆ ಹಬೇಲಿ ಬೇಯ್ಲಿ ಅಂತ, ತೆಗೆಯೋದು ಮೇಲೆ ಬಣ್ಣ ಬರ್ಲಿ ಅಂತ, ಎರಡೂ ಬೇಕು. ಮೊಟ್ಟೆ ಹಾಕಿದ್ರೆ ನಡುವೆ ಥರ್ಮಾಮೀಟರ್ ಚುಚ್ಚಿ ನೋಡಿ, ಆಗಲೇ ಹೇಳಿದ 74 ಡಿಗ್ರಿ. ಥರ್ಮಾಮೀಟರ್ ಇಲ್ಲಾಂದ್ರೆ ಚಾಕು ಚುಚ್ಚಿ ತೆಗೀರಿ, ಹಸಿ ಮೊಟ್ಟೆ ಅಂಟಿರಬಾರದು, ಚಾಕುವಿನ ತುದಿ ಮುಟ್ಟೋಕಾಗದಷ್ಟು ಬಿಸಿ ಇರ್ಬೇಕು. ಹತ್ತು ನಿಮಿಷ ಸುಮ್ನೆ ಬಿಟ್ಟು ಆಮೇಲೆ ಬಡಿಸಿ.

ಓವನ್ನೇ ಇಲ್ಲ ಅನ್ನೋರಿಗೆ ಎರಡು ದಾರಿ. ಒಂದು, ದಪ್ಪ ತಳದ ಪಾತ್ರೆಗೆ ಬೆಣ್ಣೆ ಸವರಿ ತುಂಬಿ, ಕಬ್ಬಿಣದ ಕಾವಲಿ ಮೇಲಿಟ್ಟು, ಮುಚ್ಚಳ ಹಾಕಿ ತೀರಾ ಸಣ್ಣ ಉರೀಲಿ ಅರ್ಧ ಗಂಟೆ. ತಳ ಕೆಂಪಗಾಗಿರತ್ತೆ, ಬಡಿಸೋವಾಗ ತಟ್ಟೆಗೆ ಬೋರಲು ಹಾಕಿ. ಇನ್ನೊಂದು, ನನಗೆ ನಿಜವಾಗ್ಲೂ ಓವನ್‌ಗಿಂತ ಇಷ್ಟ ಆಗೋದು, ಪಡ್ಡು ಹಂಚು. ಸ್ಟಫಿಂಗಲ್ಲಿ ಎಲ್ಲರೂ ಕಿತ್ತಾಡೋದು ಗರಿ ಅಂಚಿಗೆ, ಟ್ರೇಲಿ ಅಂಚು ನಾಲ್ಕೇ ಕಡೆ, ಪಡ್ಡಿನಲ್ಲಿ ಸುತ್ತಲೂ ಅಂಚೇ! ಕುಂಬಳ, ಬೀಜ ಸ್ವಲ್ಪ ಚಿಕ್ಕದಾಗಿ ಹೆಚ್ಚಿ, ಸ್ಟಾಕು ಒಂದು ಸೌಟು ಕಮ್ಮಿ ಹಾಕಿ, ಮೊಟ್ಟೆಯೋ ಹುರಿಗಡಲೆಯೋ ಯಾವುದಾದ್ರೂ ಒಂದು ಇರಲೇಬೇಕು. ಹಂಚು ಚೆನ್ನಾಗಿ ಕಾದ ಮೇಲೆ ಗುಳಿಗೆ ಅರ್ಧ ಚಮಚ ಬೆಣ್ಣೆ, ಉಂಡೆ ಇಟ್ಟು ಮೆಲ್ಲಗೆ ಒತ್ತಿ, ಮುಚ್ಚಿ ಐದು ನಿಮಿಷ, ತಿರುವಿ ಹಾಕಿ ಮುಚ್ಚದೆ ನಾಲ್ಕು ನಿಮಿಷ. ಬೇಗ ತಿರುವೋಕೆ ಹೋದ್ರೆ ಒಡೆಯತ್ತೆ, ತಳ ತಾನಾಗೇ ಬಿಟ್ಕೊಂಡಾಗ ತಿರುವಿ.

ಯಾವುದರ ಜೊತೆ ಇಡೋದು? ಮಾಂಸ ಮಾಡೋ ದಿನ ಆದ್ರೆ ಪೆಪ್ಪರ್ ಚಿಕನ್ ಆಗಲಿ, ಇಡೀ ಕೋಳಿ ರೋಸ್ಟ್ ಆಗಲಿ, ರಸ ಸ್ವಲ್ಪ ಇರ್ಲಿ, ಸ್ಟಫಿಂಗ್ ಮೇಲೆ ಹಾಕ್ಕೊಳ್ಳೋಕೆ. ಸಸ್ಯಾಹಾರಿ ಊಟದಲ್ಲಿ ಅನ್ನ ಸಾರಿನ ಮಧ್ಯೆ ಇಟ್ರೆ ಇದು ಎಲ್ಲೂ ಸೇರಲ್ಲ, ಅದರ ಬದಲು ಟೊಮೇಟೊ ಸೂಪ್, ಬೆಣ್ಣೇಲಿ ಹುರಿದ ಅಣಬೆ, ಬೀನ್ಸ್ ಕ್ಯಾರೆಟ್, ಹೀಗೆ ಇದರ ಸುತ್ತ ಊಟ ಕಟ್ಟಿ. ಅಣಬೆ ಅಂದ್ರೆ ಅಂಗಡಿಯ ಬಟನ್ ಅಣಬೆ, ಕಾಡಿನದ್ದು ಗುರುತು ಹಿಡಿಯೋ ಹಿರಿಯರು ಜೊತೇಲಿ ಇದ್ರೆ ಮಾತ್ರ.

ಹಿಂದಿನ ದಿನ ಮಾಡಿಡೋದು ಅಂದ್ನಲ್ಲ, ಬ್ರೆಡ್ ಡಬ್ಬದಲ್ಲಿ, ಬಾಡಿಸಿದ ತರಕಾರಿ, ಹುರಿದ ಕುಂಬಳ, ಬೇಯಿಸಿದ ಬೀಜ, ಸ್ಟಾಕು ಫ್ರಿಜ್ಜಲ್ಲಿ ಬೇರೆ ಬೇರೆ. ಕಲಸಿ ಇಡ್ಬೇಡಿ, ಅದರಲ್ಲೂ ಮೊಟ್ಟೆ ಹಾಕಿ ಕಲಸಿ ರಾತ್ರಿಯೆಲ್ಲ ಇಡೋದಂತೂ ಬೇಡವೇ ಬೇಡ. ಉಳಿದಿದ್ದನ್ನ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದ್ರೆ ಮೂರು ದಿನ ಧಾರಾಳವಾಗಿ ತಿನ್ನಬಹುದು, ಬಿಸಿ ಮಾಡೋವಾಗ ಎರಡು ಚಮಚ ಸ್ಟಾಕೋ ನೀರೋ ಚಿಮುಕಿಸಿ ಮುಚ್ಚಿ. ಬೆಳಗ್ಗೆ ತಿಂಡಿಗಾದ್ರೆ ಕಾವಲಿ ಮೇಲೆ ವಡೆ ಥರ ತಟ್ಟಿ ಕೆಂಪಗೆ ಸುಟ್ಟು ಮೇಲೊಂದು ಹಾಫ್ ಬಾಯಿಲ್, ಇಲ್ಲಾಂದ್ರೆ ದಪ್ಪ ಮೆಣಸಿನಕಾಯಿ ಎರಡು ಹೋಳು ಮಾಡಿ ಬೀಜ ತೆಗೆದು ಇದನ್ನ ತುಂಬಿ, ಮುಚ್ಚಳ ಹಾಕಿ ಸಣ್ಣ ಉರೀಲಿ ಹದಿನೈದು ನಿಮಿಷ, ಮೆಣಸಿನಕಾಯಿ ಸಿಪ್ಪೆ ಅಲ್ಲಲ್ಲಿ ಸುಟ್ಟ ಕಲೆ ಬಿದ್ದಾಗ ಇಳಿಸಿ.